ಹುಣಸೆಹಣ್ಣಿನಲ್ಲಿ ಬೆಳಗಿದ ತೋಟಾಗಳು

ಹಿತ್ತಾಳೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಮೈಸೂರಿನ ಮನೆಯ ದೀಪ, ಚೊಂಬು, ಹಂಡೆ ಎಲ್ಲ ನನ್ನ ಕೈಯಲ್ಲೇ ಬೆಳಗಿದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಗಂಡನ ಜೊತೆ ಅಮೆರಿಕದ ಕಮ್ಮಿಂಗ್‌ ಊರಿಗೆ ಬಂದು, ದುಡಿಯಲು ವೀಸಾ ಇಲ್ಲದೆ ಕೂತಿದ್ದೆ. ಆಗ ಎರಡು ಮನೆ ಆಚೆಯ ಅಂಕಲ್ ಒಂದು ಕೆಲಸ ಕೊಟ್ಟರು.

ಅಂಕಲ್ ಮಡಿಕೇರಿಯವರು. ಶನಿವಾರಗಳಂದು ರೇಂಜಿಗೆ ಹೋಗಿ ಕೋವಿಯಿಂದ ಗುರಿ ಹೊಡೆಯುತ್ತಿದ್ದರು. ಹೊಡೆದ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು, ಅಂದರೆ ಕೇಸುಗಳನ್ನು ಹೆಕ್ಕಿ ತಂದು, ಗಟ್ಟಿಯಾದವನ್ನು ಆರಿಸಿ, ಮತ್ತೆ ಮದ್ದು ತುಂಬುತ್ತಿದ್ದರು. ದೂರದ ಗುರಿ ಕಾಣುತ್ತಿದ್ದರೂ ಈಚೆಗೆ ಅವರಿಗೆ ಕೈಯಲ್ಲಿರುವುದು ಕಾಣುತ್ತಿರಲಿಲ್ಲ.

"ಅಕ್ಕಿ ಆರಿಸಿದ ಹಾಗೇನಮ್ಮ. ಸರಿಯಿಲ್ಲದ್ದನ್ನ ತೆಗೆದುಬಿಡು," ಎಂದು ಒಂದು ಬಕೆಟ್ ಕೇಸುಗಳನ್ನು ಕೊಟ್ಟರು.

ಮಸಿ ಹಿಡಿದದ್ದನ್ನು ಹಾಗೇ ಆರಿಸಲು ನನಗೆ ಮನಸ್ಸು ಬರಲಿಲ್ಲ. ಹುಣಸೆಹಣ್ಣು, ಉಪ್ಪು ಹಾಕಿ ಒಂದೊಂದನ್ನೂ ತಿಕ್ಕಿ ಥಳಥಳ ಮಾಡಿದೆ. ಬಾಯಿ ಸೀಳಿದ್ದವನ್ನು ಎಸೆದೆ. ಮಿಕ್ಕವನ್ನು ಬೀಗುತ್ತಾ ಅವರ ಗರಾಜಿಗೆ ಹೊತ್ತುಕೊಂಡು ಹೋದೆ.

ಅಂಕಲ್ ತಲೆ ಮೇಲೆ ಕೈ ಹೊತ್ತರು. "ಬುಡದ ಹತ್ರ ಸುತ್ತ ಒಂದು ಹೊಳೆಯೋ ಗೆರೆ ಬರುತ್ತೆ ಕಣಮ್ಮ. ಅಲ್ಲಿ ಒಳಗಡೆ ತೆಳ್ಳಗಾಗಿದೆ ಅಂತ ಅರ್ಥ. ಪೂರ್ತಿ ಪಾಲಿಶ್ ಮಾಡಿಬಿಟ್ರೆ ಅದು ಹೇಗೆ ಕಾಣಬೇಕು? ಅಂಥದ್ದನ್ನ ಫೈರ್ ಮಾಡಿದ್ರೆ ಅಲ್ಲೇ ಹರಿದು ಬಿಸಿ ಗ್ಯಾಸ್ ನನ್ನ ಮುಖಕ್ಕೇ ಹೊಡೆಯುತ್ತೆ."

ನಾಚಿಕೆಯಾಯಿತು. ಆದರೆ ನಾನು ಅಷ್ಟು ಸುಲಭಕ್ಕೆ ಸೋಲೊಪ್ಪುವವಳಲ್ಲ.

"ಗೆರೆ ಹೊರಗಡೆ ತಾನೇ ಹೋಗಿರೋದು ಅಂಕಲ್? ಒಳಗಿನ ತೆಳು ಎಲ್ಲಿಗೆ ಹೋಗುತ್ತೆ?"

"ಕೆಲವರು ತಂತಿ ಬಗ್ಗಿಸಿ ಒಳಗಡೆ ಮುಟ್ಟಿ ನೋಡ್ತಾರೆ. ನನ್ನ ಬೆರಳಿಗೆ ಈಗ ಅದು ಗೊತ್ತಾಗಲ್ಲ," ಎಂದರು.

ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಒಂದು ಪೇಪರ್ ಕ್ಲಿಪ್ ಬಿಡಿಸಿ, ತುದಿಯನ್ನು ಕೊಕ್ಕೆ ಮಾಡಿ, ಎರಡು ಮಧ್ಯಾಹ್ನ ಕೂತು ಪ್ರತಿ ಕೇಸಿನ ಒಳಗೋಡೆಯನ್ನೂ ತಡಕಿದೆ. ಹೆಚ್ಚಿನವುಗಳಲ್ಲಿ ತಂತಿ ನುಣ್ಣಗೆ ಜಾರಿತು. ಒಂಬತ್ತರಲ್ಲಿ ಬುಡದ ಹತ್ತಿರ ತಡೆಯಿತು. ಅವನ್ನು ಬೇರೆ ಇಟ್ಟೆ.

ಅಂಕಲ್‌ಗೆ ನಂಬಿಕೆ ಬರಲಿಲ್ಲ. ಆ ಒಂಬತ್ತರಲ್ಲಿ ಒಂದನ್ನು ಎತ್ತಿಕೊಂಡರು. "ಇದು ಒಳ್ಳೇ ಬ್ರಾಸ್. ನಿಂದು ಅತಿಯಾಯ್ತು."

"ಕೊಯ್ದು ನೋಡಿ," ಎಂದೆ.

ಇಕ್ಕಳಕ್ಕೆ ಸಿಕ್ಕಿಸಿ ಗರಗಸದಲ್ಲಿ ಉದ್ದಕ್ಕೆ ಸೀಳಿದರು. ಎರಡು ಹೋಳನ್ನೂ ಬೆಳಕಿಗೆ ಹಿಡಿದು ತೋರಿಸಿದೆ. ಬುಡದ ಮೇಲೆ ಒಂದು ಕಡೆ ಗೋಡೆ ಕಾಗದದಷ್ಟೇ ಉಳಿದಿತ್ತು. ಅಂಕಲ್ ಉಗುರಿನಿಂದ ಒತ್ತಿದಾಗ ಅಲ್ಲೇ ಮುರಿಯಿತು. ಅವರ ಕೈ ತಾನಾಗಿಯೇ ಬಲಗೆನ್ನೆಗೆ ಹೋಯಿತು.

ಆಮೇಲೆ ಬಕೆಟ್ಟಿನಲ್ಲಿ ಮಿಕ್ಕಿದ್ದವುಗಳತ್ತ ನೋಡಿ, "ಇವು?" ಎಂದರು.

"ಗಟ್ಟಿಯಾಗಿವೆ."

"ಯೋಚನೆ ಮಾಡಿ ಹೇಳಮ್ಮ."

ಯೋಚನೆ ಮಾಡಿದೆ. ಒಂದೊಂದೂ ನನ್ನ ಬೆರಳಿಗೆ ನೆನಪಿತ್ತು.

"ಗಟ್ಟಿಯಾಗಿವೆ ಅಂಕಲ್. ಶನಿವಾರ ನಾನೂ ಬರ್ತೀನಿ, ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ."

ಅಂಕಲ್ ಆ ಕೇಸುಗಳಿಗೆ ತುಂಬಲು ಮದ್ದಿನ ಡಬ್ಬ ಇಳಿಸಿದರು.