ಮಾವನ ಕೆಮ್ಮಿಗೆ ಒನ್ಸ್ ಮೋರ್

ಇಂಡಿ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಸರ್ ‘ಆಂಕೋರ್’ ಎಂಬ ಪದ ಕಲಿಸುವಾಗ ನಾನು ಹಿಂದಿನ ಬೆಂಚಿನಲ್ಲಿ ಅವರ ಮೂಗಿನ ದನಿ ಕಲಿಯುತ್ತಿದ್ದೆ. ಸಿಕ್ಕಿಬಿದ್ದೆ. ಎಬ್ಬಿಸಿ ನಿಲ್ಲಿಸಿ ಅರ್ಥ ಕೇಳಿದರು. ಅವರದೇ ದನಿಯಲ್ಲಿ ಒಪ್ಪಿಸಿದೆ: ಫ್ರೆಂಚಿನಲ್ಲಿ ‘ಮತ್ತೆ’, ‘ಇನ್ನೂ’ ಎಂದರ್ಥ. ಇಂಗ್ಲಿಷರು ಅದನ್ನು ಎರವಲು ತಂದು, ಆಟ ಮುಗಿದ ಮೇಲೆ ಕಲಾವಿದನನ್ನು ಮರಳಿ ಕರೆಯಲು ಕೂಗುತ್ತಾರೆ. ಹಾಗೆ ಬಂದವನು ಹಾಡುವ ಹಾಡಿಗೂ ಅದೇ ಹೆಸರು. ಫ್ರೆಂಚರು ಮಾತ್ರ ತಮ್ಮ ಸಭೆಗಳಲ್ಲಿ ಅದನ್ನು ಬಿಟ್ಟು ‘ಬಿಸ್’ ಎನ್ನುತ್ತಾರಂತೆ.

“ನಮ್ಮ ಕಡೆ ಒನ್ಸ್ ಮೋರ್ ಅಂತಾರ್ರಿ ಸರ್.”

“ನೀ ಹೊರಗ ನಡಿ. ಪಾಠ ಮುಗದ ಮ್ಯಾಲೂ ನಿನ್ನ ಕರಿಯಂಗಿಲ್ಲ.”

ನನಗೆ ಅತಿ ಹೆಚ್ಚು ಒನ್ಸ್ ಮೋರ್ ಗಳಿಸಿಕೊಟ್ಟವನು ಸೋದರಮಾವ. ಲಿಂಬೆ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುತ್ತಿದ್ದ. ಮನೆಗೆ ಬಂದರೆ ಅಂಗಳದಲ್ಲೇ ಓಣಿಗೆಲ್ಲ ಕೇಳುವಂತೆ ಕೆಮ್ಮಿ, ಅತ್ತೆಗೆ “ಏ ಇಕೀ, ಚಾ ಇಡು!” ಎನ್ನುತ್ತಿದ್ದ. ಸಿಂದಗಿಯಿರಲಿ, ಮುದ್ದೇಬಿಹಾಳವಿರಲಿ, ನೆಂಟರ ಮದುವೆಗಳಲ್ಲಿ ನಾನು ಅದನ್ನು ಮಾಡಲೇಬೇಕು. ಎಲ್ಲರಿಗಿಂತ ಮೊದಲು ಒನ್ಸ್ ಮೋರ್ ಎನ್ನುತ್ತಿದ್ದವನು ಮಾವನೇ. “ಮಾರಿ ಮಂಗ್ಯಾಂದು, ದನಿ ಅಷ್ಟ ನಂದು,” ಎಂದು ನನ್ನನ್ನು ಪರಿಚಯಿಸುತ್ತಿದ್ದ. ಎರಡೂ ಸುಳ್ಳಲ್ಲ.

ಹೋದ ವರ್ಷ ಮಾವನ ಎದೆಯ ರೋಗ ಬಲಿಯಿತು. ಬಸವನ ಬಾಗೇವಾಡಿಯಲ್ಲಿ ಕೆಲಸಕ್ಕಿದ್ದ ನಾನು ಬರುವಷ್ಟರಲ್ಲಿ ಹೆಣ ಎತ್ತುವ ಹೊತ್ತಾಗಿತ್ತು. ಅತ್ತೆ ಅಳಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೂ ಅಳಲಿಲ್ಲ, ನೀರೂ ಮುಟ್ಟಲಿಲ್ಲ. ನಮ್ಮಲ್ಲಿ ಸತ್ತವರನ್ನು ಹಾಡ್ಯಾಡಿಕೊಂಡು ಅಳುತ್ತಾರೆ. ಹೆಂಗಸರು ಸುತ್ತ ಕುಳಿತು ಮಾವನ ಒಂದೊಂದೇ ಗುಣ ಎತ್ತಿದರು. ಅತ್ತೆ ಗೋಡೆ ನೋಡುತ್ತಿದ್ದಳು. ಅವ್ವ ನನ್ನ ತೋಳು ಹಿಡಿದು ಹೊರಗೆಳೆದಳು.

“ಅಕಿ ಅಳದಿದ್ರ ಎದಿ ಒಡದು ಹೋಗ್ತಾಳ. ಮಾವನ ದನಿ ತಗಿ.”

“ಯವ್ವಾ, ಇದೇನ ಮದುವಿ ಏನ?”

“ಬ್ಯಾಡಂದಾಗೆಲ್ಲಾ ಮಾಡ್ತಿ. ಇವತ್ತ ಏನ ಆಗೇತಿ?”

ಅಂಗಳದಲ್ಲಿ ನಿಂತು ಕೆಮ್ಮಿದೆ. “ಏ ಇಕೀ, ಚಾ ಇಡು!”

ಒಳಗಿನ ಹೆಂಗಸರೆಲ್ಲ ಗೊಳೋ ಎಂದರು. ಅತ್ತೆ ಎದ್ದಳು. ಸೆರಗು ತಲೆಗೆಳೆದುಕೊಂಡು ಅಡುಗೆಮನೆಗೆ ಹೋದಳು. ಸಾವಾದ ದಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಆ ತಣ್ಣನೆಯ ಒಲೆಯ ಮೇಲೆ ಪಾತ್ರೆಯಿಟ್ಟು ನೀರು ಹಾಕಿದಳು. ಆಮೇಲೆ ಬಾಗಿಲಿಗೆ ಬಂದು ನನ್ನನ್ನು ನೋಡಿದಳು, ನನ್ನ ಹಿಂದೆ ಯಾರಾದರೂ ಇದ್ದಾರೋ ಎಂದೂ ನೋಡಿದಳು.

“ಇನ್ನೊಮ್ಮಿ,” ಎಂದಳು.

ಮತ್ತೆ ಕೆಮ್ಮಿದೆ.

“ಹಂಗಲ್ಲೋ. ಅದು ಮದುವ್ಯಾಗಿನ ಕೆಮ್ಮು. ಈಗೀಗ ಅವರದು ಹಿಂಗಿತ್ತು.”

ಎದೆಗೆ ಕೈಯಿಟ್ಟು ತಾನೇ ಕೆಮ್ಮಿ ತೋರಿಸಿದಳು. ಸಣ್ಣದು. ನಡುವೆ ಸೀಟಿಯಂತೆ ಉಸಿರು, ಆಮೇಲೆ ಅರ್ಧಕ್ಕೇ ನಿಂತಿತು. ಮುಂದಿನದು ಬರಲಿಲ್ಲ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದಳು. ಅಳು ಆಗ ಬಂತು.

ಮದುವೆಗಳಲ್ಲಿ ಈಗಲೂ ಮಾವನದು ಮಾಡು ಎನ್ನುತ್ತಾರೆ. ಹಳೆಯದನ್ನು ಮಾಡುತ್ತೇನೆ, ನಗುತ್ತಾರೆ. ಅತ್ತೆ ತೋರಿಸಿದ್ದು ನನಗೆ ಬರುವುದಿಲ್ಲ. ಪ್ರಯತ್ನಿಸಿದ್ದೇನೆ ಎಂದು ಹೇಳುವುದು ನಾಚಿಕೆಗೇಡು. ಪ್ರಯತ್ನಿಸಿದ್ದೇನೆ.