ಬಾಂಬಿಗೆ ಹಚ್ಚಿದ ವಿಭೂತಿ

ಕೊಟ್ಟೂರಿನಲ್ಲಿ ನನ್ನದು ಕಟ್ಟಿಗೆ ಲೇತಿನ ಅಂಗಡಿ. ಲಟ್ಟಣಿಗೆ, ತೊಟ್ಟಿಲು, ಮಂಚದ ಕಾಲು ನನ್ನ ಕಸುಬು. ಅಂಥವನ ಹಣೆಯಲ್ಲಿ ಜರ್ಮನರ ಬಾಂಬು ಮಾಡುವ ಯೋಗ ಬರೆದವರು ಹಗರಿಬೊಮ್ಮನಹಳ್ಳಿಯ ಹಿರಿಯರೊಬ್ಬರು, ವಾಯುಪಡೆಯಿಂದ ನಿವೃತ್ತರಾದವರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ನೆಲಕ್ಕೆ ಹಾಕುತ್ತಿದ್ದ ಬಾಂಬು, ಆಕಾಶದಲ್ಲೇ ಎದುರಿನ ವಿಮಾನಕ್ಕೆ ಬಿಡುತ್ತಿದ್ದ ರಾಕೆಟ್ಟು, ಇವುಗಳ ಕಟ್ಟಿಗೆಯ ಮಾದರಿ ಅವರಿಗೆ ಬೇಕಿತ್ತು. ಹಡಗಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ತೋರಿಸಲಿಕ್ಕೆ.

ಎರಡು ಸಲ ವಾಪಸ್ ಮಾಡಿದರು. ಮೊದಲ ಸಲ ಬಾಂಬಿನ ಮೂತಿ ಲಟ್ಟಣಿಗೆಯ ಹಿಡಿಯ ಹಾಗಿತ್ತಂತೆ. ಕೈ ಎಲ್ಲಿ ಬಿಟ್ಟೀತು ತನ್ನ ಚಾಳಿ! ಎರಡನೆಯ ಸಲ ರಾಕೆಟ್ಟಿನ ಬಾಲದ ರೆಕ್ಕೆ ದಪ್ಪವಾಯಿತಂತೆ. ಮೂರನೆಯ ಸಲವೂ ತಪ್ಪಿದರೆ ಬೆಂಗಳೂರಿನಲ್ಲಿ ಮಾಡಿಸುತ್ತೇನೆ ಎಂದರು. ನನಗೆ ಮೈ ಉರಿಯಿತು. ಆ ರಾಕೆಟ್ಟುಗಳನ್ನು ವಿಮಾನದ ರೆಕ್ಕೆಯಡಿ ಕೂರಿಸುತ್ತಿದ್ದ ಚೌಕಟ್ಟು ಕಟ್ಟಿಗೆಯದೇ ಎಂದು ಅವರೇ ಹೇಳಿದ್ದರು. ಜರ್ಮನಿಯ ಬಡಗಿಯ ಕೈಲಾದದ್ದು ನನ್ನ ಕೈಲಿ ಯಾಕಾಗಬಾರದು?

ಆಯುಧ ಪೂಜೆಯ ಬೆಳಿಗ್ಗೆ ಎಲ್ಲ ಮುಗಿಸಿ, ಕಡುಬೂದು ಬಣ್ಣ ಬಳಿದು, ಲೇತಿನ ಪಕ್ಕ ಒಣಗಲು ಇಟ್ಟು ಹೂ ತರಲು ಹೋದೆ. ಬರುವಷ್ಟರಲ್ಲಿ ಅವ್ವ ಪೂಜೆಗೆ ಕೈ ಹಚ್ಚಿದ್ದಳು. ಉಳಿ, ಗರಗಸ, ಮೋಟರು, ಸೈಕಲ್ಲು, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ. ಬಾಂಬು ರಾಕೆಟ್ಟುಗಳಿಗೂ! ಹಸಿ ಬಣ್ಣದಲ್ಲಿ ವಿಭೂತಿ ಕಚ್ಚಿಕೊಂಡು ಕೂತಿತ್ತು. ಒರೆಸಿದರೆ ಬಣ್ಣವೇ ಕಿತ್ತು ಬರುತ್ತಿತ್ತು. ನಾನು ರೇಗಿದೆ.

"ಆಯುಧ ಅಂದ್ರ ಇವಲ್ಲೇನು? ಉಳಿಗೆ ಹಚ್ಚಿ ಇವಕ್ಕ ಬಿಟ್ರ ಹೆಂಗ?" ಎಂದಳು ಅವ್ವ.

ಅಷ್ಟರಲ್ಲಿ ಹಿರಿಯರು ಬಂದೇ ಬಿಟ್ಟರು. ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ತಿರುಗಿಸಿ ನೋಡಿದರು. ಮೂತಿ ನೋಡಿದರು, ರೆಕ್ಕೆ ನೋಡಿದರು. ಜರ್ಮನಿಯವರೂ ನಮ್ಮ ಮಠದ ಭಕ್ತರೇ ಎಂದು ಶಾಲೆಯ ಮಕ್ಕಳು ತಿಳಿದುಕೊಂಡಾರು, ಕೆರೆದು ಹೊಸ ಬಣ್ಣ ಹಾಕಿಕೊಡುತ್ತೇನೆ ಎಂದೆ.

ಬೇಡ, ಕೆಲಸ ಚೊಕ್ಕವಾಗಿದೆ, ಹೀಗೇ ಇರಲಿ ಎಂದರು. ವಾಯುಪಡೆಯಲ್ಲಿ ತಮ್ಮ ಕೆಲಸ ವಿಮಾನಕ್ಕೆ ಬಾಂಬು ಕಟ್ಟುವುದೇ ಆಗಿತ್ತೆಂದು ಅವತ್ತೇ ಮೊದಲ ಸಲ ಹೇಳಿದರು. ಆಮೇಲೆ ಅವ್ವನ ಕಡೆ ತಿರುಗಿದರು.

"ನಾನೂ ಹಚ್ತಿದ್ದೆ ತಾಯಿ. ಇದು ಬೀಳೋ ಜಾಗದಾಗ ಯಾರೂ ಇರಬಾರದಪ್ಪಾ ಅಂತ ಬೇಡ್ಕೊಂಡು ಹಚ್ತಿದ್ದೆ."

ಅವ್ವ ಅವರ ಹಣೆಗೂ ಮೂರು ಬೆರಳು ಎಳೆದು, ಉಂಡೇ ಹೋಗಬೇಕೆಂದು ಎಲೆ ಹಾಕಿದಳು.