ಹಳದಿ ಗೆರೆ ಎಳೆದ ಮೇಸ್ತ್ರಿ

ನನ್ನ ಬಾಮೈದ ಗ್ಯಾರೇಜು ಬಿಟ್ಟದ್ದೇಕೆ ಎಂದು ಜನ ಇನ್ನೂ ಕೇಳುತ್ತಾರೆ. ಬೆನ್ನು ನೋವಂತೆ ಎನ್ನುವವರಿದ್ದಾರೆ, ಭಾವನಿಗೂ ಅವನಿಗೂ ಜಗಳವಂತೆ ಎನ್ನುವವರೂ ಇದ್ದಾರೆ. ಜಗಳ ಆದದ್ದು ನಿಜ. ಆದರೆ ಅದು ನಾಲ್ಕು ಮಾತಿನ ಜಗಳ. ಅದರಲ್ಲಿ ಸೋತವನು ನಾನು, ಸೋಲಬೇಕಾದವನೂ ನಾನೇ. ಇಲ್ಲಸಲ್ಲದ್ದನ್ನು ಕೇಳಿ ಕೇಳಿ ನನಗೂ ಸಾಕಾಗಿದೆ, ಅವನು ಗ್ಯಾರೇಜು ಬಿಟ್ಟ ದಿನ ನಡೆದದ್ದನ್ನು ಹೇಳಿಬಿಡುತ್ತೇನೆ.

ಇಪ್ಪತ್ತೆರಡು ವರ್ಷ ಒಂದೇ ಶೆಡ್ಡಿನಲ್ಲಿ ಇಬ್ಬರೂ ದುಡಿದೆವು. ನಾನು ಟಿಂಕರ್, ಜಜ್ಜಿಹೋದ ತಗಡನ್ನು ಬಡಿದು ಸರಿಮಾಡುವವನು. ಅವನು ಮೆಕ್ಯಾನಿಕ್. ನನ್ನದು ಸದ್ದು ಗದ್ದಲದ ಕೆಲಸ, ಬಾಯಿಯೂ ಹಾಗೇ. ಅವನೋ, ಬಾಯಿಬಿಟ್ಟರೆ ಮುತ್ತು ಉದುರೀತು ಎನ್ನುವ ಜಾತಿ. ಗಿರಾಕಿ ಅರ್ಧ ಗಂಟೆ ತಲೆ ತಿಂದರೂ "ನೋಡೋಣ" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ನನ್ನ ಹೆಂಡತಿ ತಮ್ಮನನ್ನು ಹೊಗಳಿದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತಿತ್ತು, ಹೊಗಳಿಕೆ ಸುಳ್ಳಲ್ಲವೆಂದು ಇನ್ನಷ್ಟು ಉರಿಯುತ್ತಿತ್ತು.

ಊರಿನವರು ಅವನನ್ನು ಹಳದಿ ಮೇಸ್ತ್ರಿ ಎನ್ನುತ್ತಿದ್ದರು. ನಟ್ಟು ಬಿಗಿದು ಮುಗಿದ ಮೇಲೆ ಅದರ ಮೇಲೊಂದು ಹಳದಿ ಬಣ್ಣದ ಗೆರೆ ಎಳೆಯುವುದು ಅವನ ಪದ್ಧತಿ. ಗೆರೆ ನಟ್ಟಿನಿಂದ ಶುರುವಾಗಿ ಪಕ್ಕದ ಕಬ್ಬಿಣದವರೆಗೆ ಹೋಗಬೇಕು. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ಗೆರೆ ಬಿದ್ದ ನಟ್ಟನ್ನು ಮತ್ತೆ ಯಾರೂ ಮುಟ್ಟಬಾರದು, ಅವನೂ ಮುಟ್ಟುತ್ತಿರಲಿಲ್ಲ. ಹಳದಿ ಕಂಡರೆ ಕೆಲಸ ಮುಗಿದಿದೆ ಎಂದೇ ಅರ್ಥ. ಪಕ್ಕದ ಗ್ಯಾರೇಜಿನವರು ನಗುತ್ತಿದ್ದರು, ಆಮೇಲೆ ಅವರೂ ಒಂದು ಡಬ್ಬಿ ಬಣ್ಣ ತಂದಿಟ್ಟುಕೊಂಡರು.

ಊರ ಶಾಲೆಯ ಟೀಚರೊಬ್ಬರ ಮನೆಯ ಕಾರು ಮೊದಲಿನಿಂದಲೂ ನಮ್ಮಲ್ಲಿಗೇ ಬರುತ್ತಿತ್ತು. ಟೀಚರ ಗಂಡ ಔಷಧಿ ಅಂಗಡಿ ಇಟ್ಟಿದ್ದವನು, ನಗುಮುಖದ ಮನುಷ್ಯ. ಒಂದು ಭಾನುವಾರ ಬೆಳಿಗ್ಗೆ ಟೀಚರ್ ಓಡಿಸುತ್ತಿದ್ದಾಗ, ಅವನು ಪಕ್ಕದಲ್ಲಿ ಕೂತಿದ್ದಾಗ, ಕಾರು ತಿರುವಿನಲ್ಲಿ ತಿರುಗದೆ ನೇರ ಹೋಗಿ ಮೋರಿಯ ಕಟ್ಟೆಗೆ ಗುದ್ದಿತು. ಅವನು ಅಲ್ಲೇ ಹೋದ. ಟೀಚರ ಕೈ ಮಾತ್ರ ಮುರಿಯಿತು. ಆಸ್ಪತ್ರೆಯಲ್ಲಿ ಆಕೆ ಹೇಳಿದ್ದು ಒಂದೇ: ನಾನು ತಿರುಗಿಸಿದೆ, ಗಾಡಿ ತಿರುಗಲಿಲ್ಲ. ಪಂಚನಾಮೆಗೆ ಬಂದವರು ಬ್ರೇಕು ಒತ್ತಿ ನೋಡಿದರು, ಕಾರಿನ ಕೆಳಗೆ ಬಗ್ಗಲಿಲ್ಲ. ಅಜಾಗರೂಕತೆ ಎಂದು ಬರೆದುಕೊಂಡು ಹೋದರು.

ಟೀಚರ ಅತ್ತೆ ಅದನ್ನೇ ನಂಬಿದರು. ಒಬ್ಬನೇ ಮಗ. ಅಂದಿನಿಂದ ಅವರು ಸೊಸೆಯೊಂದಿಗೆ ಮಾತು ಬಿಟ್ಟರು. ಮನೆ ಬಿಟ್ಟು ಹೋಗು ಎನ್ನಲಿಲ್ಲ, ಬಯ್ಯಲೂ ಇಲ್ಲ. ಒಂದೇ ಅಡುಗೆಮನೆ, ಒಂದೇ ಮೇಜು, ಒಂದು ಮಾತಿಲ್ಲ. ಒಂದೂವರೆ ವರ್ಷ ಹೀಗೇ ನಡೆಯಿತು. ಜಜ್ಜಿಹೋದ ಕಾರು ಮನೆ ಪಕ್ಕದ ಶೀಟಿನ ಕೆಳಗೆ ಟಾರ್ಪಾಲು ಹೊದ್ದು ನಿಂತಿತ್ತು.

ಆಮೇಲೆ ಒಂದು ದಿನ ಅತ್ತೆಯೇ ನಮ್ಮನ್ನು ಕರೆಸಿದರು. ಕಾರನ್ನು ಗುಜರಿಯವನಿಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಮಗ ಕೂರುತ್ತಿದ್ದ ಗಾಡಿಯನ್ನು ಸುತ್ತಿಗೆಯಿಂದ ಒಡೆಯುವುದು ಬೇಡ, ಓಡುವ ಗಾಡಿಯಾಗಿಯೇ ಮನೆ ಬಿಟ್ಟು ಹೋಗಲಿ ಎಂಬ ಹಟ. ಎಂಜಿನ್ನು ಸ್ಟಾರ್ಟ್ ಆದರೆ ಕೊಳ್ಳುತ್ತೇನೆ, ಮುಂಭಾಗ ನಾನೇ ಸರಿಮಾಡಿಸಿಕೊಳ್ಳುತ್ತೇನೆ ಎಂದು ಯಾರೋ ಒಬ್ಬರು ಒಪ್ಪಿದ್ದರಂತೆ.

ಟಾರ್ಪಾಲು ತೆಗೆದಾಗ ಇಲಿಯ ಗಬ್ಬು ಮುಖಕ್ಕೆ ಹೊಡೆಯಿತು. ಎಡಗಡೆಯ ಮುಂಭಾಗ ಒಳಕ್ಕೆ ಹೋಗಿತ್ತು, ಗಾಜಿನ ಚೂರು ಸೀಟಿನ ಮೇಲೆ ಹಾಗೇ ಇತ್ತು. ಬ್ಯಾಟರಿ ಸತ್ತಿತ್ತು, ಅದರ ತುದಿಗಳ ಮೇಲೆ ಉಪ್ಪಿನಂಥ ಬಿಳಿ ಪುಡಿ ಕಟ್ಟಿತ್ತು. ನಾವು ತಂದಿದ್ದ ಬ್ಯಾಟರಿ ಕೂರಿಸಿ ಕೀ ತಿರುಗಿಸಿದರೆ ಬರೀ ಟಕ್ ಟಕ್. ಬಾಮೈದ ಅರ್ತ್ ವೈರಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿದ. ಈಗ ಎಂಜಿನ್ನು ಗರಗರ ತಿರುಗಿತು, ಆದರೆ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಪ್ಲಗ್ಗು ಬಿಚ್ಚಿ ನೋಡಿದ, ಕಿಡಿ ಸರಿಯಾಗಿ ಹಾರುತ್ತಿತ್ತು. ಟ್ಯಾಂಕಿನ ಪೆಟ್ರೋಲು ಕೆಟ್ಟು ವಾರ್ನಿಶ್ಶಿನ ವಾಸನೆ ಹೊಡೆಯುತ್ತಿತ್ತು. ಅದನ್ನೆಲ್ಲ ಬಸಿದು ಹೊಸದು ಹಾಕಿದೆವು. ಆದರೂ ಇಲ್ಲ.

ಅವನು ಹಿಂದಿನ ಸೀಟಿಗೆ ಕಿವಿಯಿಟ್ಟು, ಕೀ ಹಾಕಿ ಎಂದ. ಸೀಟಿನ ಕೆಳಗೆ ಟ್ಯಾಂಕಿನಲ್ಲಿರುವ ಪೆಟ್ರೋಲು ಪಂಪಿನ ಗುಂಯ್ ಸದ್ದು ಬರಲಿಲ್ಲ. ಫ್ಯೂಸು ಸರಿಯಿತ್ತು, ವೈರನ್ನು ಇಲಿ ಕಡಿದಿರಲಿಲ್ಲ. ಆಗ ಅವನಿಗೆ ಹೊಳೆಯಿತು. ಈ ಕಾರಿನಲ್ಲಿ ಒಂದು ಸ್ವಿಚ್ಚಿದೆ. ಗಾಡಿ ಎಲ್ಲಾದರೂ ಜೋರಾಗಿ ಗುದ್ದಿದರೆ ಬೆಂಕಿ ಹತ್ತದಿರಲೆಂದು ಅದು ತಾನಾಗಿ ಪೆಟ್ರೋಲು ನಿಲ್ಲಿಸುತ್ತದೆ. ಮತ್ತೆ ಕೈಯಿಂದ ಒತ್ತುವವರೆಗೂ ಹಾಗೇ ಇರುತ್ತದೆ. ಅದು ಇರುವುದು ಪಕ್ಕದ ಸೀಟಿನವರು ಕಾಲಿಡುವ ಜಾಗದಲ್ಲಿ. ಬಾಮೈದ ಅಲ್ಲಿ ತಲೆ ತೂರಿಸಿದ. ಮೊದಲು ಕೈಗೆ ಸಿಕ್ಕಿದ್ದು ಒಂದು ಕನ್ನಡಕದ ಕಡ್ಡಿ. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಸ್ವಿಚ್ಚು ಒತ್ತಿದ. ಪಂಪು ಗುಂಯ್ ಎಂದಿತು. ಕೀ ತಿರುಗಿಸಿದೆ, ಎರಡು ಸಲ ಕೆಮ್ಮಿ ಎಂಜಿನ್ನು ಹತ್ತಿಕೊಂಡಿತು. ಜಗುಲಿಯಲ್ಲಿ ಕೂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಗೇಟಿನವರೆಗೆ ತಂದು ನಿಲ್ಲಿಸೋಣ ಎಂದು ನಾನೇ ಸ್ಟೀರಿಂಗ್ ತಿರುಗಿಸಿದೆ. ಬಲಗಡೆಯ ಚಕ್ರ ತಿರುಗಿತು, ಎಡಗಡೆಯದು ಅಲುಗಲಿಲ್ಲ. ಗುದ್ದಿದಾಗ ಮುರಿದಿರಬೇಕು ಎಂದೆ. ನೋಡೋಣ ಎಂದು ಅವನು ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದ. ಬಹಳ ಹೊತ್ತು ಈಚೆ ಬರಲಿಲ್ಲ. ನಾನೂ ತೂರಿದೆ.

ಅವನು ಬ್ಯಾಟರಿ ಲೈಟು ಹಿಡಿದು ಒಂದೇ ಕಡೆ ನೋಡುತ್ತಿದ್ದ. ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಎಳೆಯುವ ಸಲಾಕೆ ತನ್ನ ತೂತಿನಿಂದ ಕಳಚಿ ಜೋತಾಡುತ್ತಿತ್ತು. ಮುರಿದಿರಲಿಲ್ಲ, ಬಾಗಿರಲಿಲ್ಲ. ತುದಿಯಲ್ಲಿ ನಟ್ಟು ಸುತ್ತಿಕೊಳ್ಳುವ ತಿರುಪು ಹೊಸದರಂತೆ ಇತ್ತು. ನಟ್ಟು ಇರಲಿಲ್ಲ. ನಟ್ಟು ಬಿಚ್ಚಿಕೊಳ್ಳದಂತೆ ಚುಚ್ಚುವ ಪಿನ್ನೂ ಇರಲಿಲ್ಲ. ಪಿನ್ನು ಇದ್ದಿದ್ದರೆ ನಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ತೂತಿನ ಪಕ್ಕದ ಕಬ್ಬಿಣದ ಮೇಲೆ ಅರ್ಧ ಹಳದಿ ಗೆರೆ ಇತ್ತು.

ಅಪಘಾತಕ್ಕೆ ಆರು ದಿನ ಮೊದಲು ಆ ಸಲಾಕೆಯನ್ನು ಬದಲಾಯಿಸಿದವನು ಅವನೇ. ಆ ದಿನ ನನಗೂ ನೆನಪಿದೆ. ಪಿನ್ನು ಖಾಲಿಯಾಗಿ, ಕೆಲಸದ ಹುಡುಗನನ್ನು ತರಲು ಕಳಿಸಿದ್ದ. ನಟ್ಟನ್ನು ಕೈಯಲ್ಲಿ ತಿರುಗಿಸಿಟ್ಟು ಕಾಯುತ್ತಿದ್ದ. ಡಬ್ಬಿಯ ತಳದ ಬಣ್ಣ ಒಣಗುತ್ತಿದೆಯೆಂದು, ಬಿಗಿದ ನಟ್ಟುಗಳಿಗೆಲ್ಲ ಗೆರೆ ಎಳೆಯುವಾಗ ಇದಕ್ಕೂ ಎಳೆದುಬಿಟ್ಟ. ಅಷ್ಟರಲ್ಲಿ ನಾನು, ಒಂದು ಬಾಗಿಲು ಎತ್ತಿಹಿಡಿಯಲು ಬಾರೋ ಎಂದು ಕೂಗಿದೆ. ತಿರುಗಿ ಬಂದವನಿಗೆ ಹಳದಿ ಕಂಡಿತು. ಮುಗಿದಿದೆ ಎಂದುಕೊಂಡ. ಆಮೇಲೆ ಹುಡುಗ ತಂದ ಪಿನ್ನಿನ ಪೊಟ್ಟಣವನ್ನು ಬಿಚ್ಚದೆ ಸಾಮಾನಿನ ಡಬ್ಬಿಗೆ ಹಾಕಿದವನು ನಾನು. ಅಂಥ ತಪ್ಪು ಬೇರೆ ಯಾವ ಮೆಕ್ಯಾನಿಕ್ಕೂ ಮಾಡುತ್ತಿರಲಿಲ್ಲ, ಬೇರೆಯವರು ಗಾಡಿ ಬಿಡುವ ಮೊದಲು ಇನ್ನೊಂದು ಸಲ ಪಾನಾ ಹಾಕಿ ನೋಡುತ್ತಾರೆ.

ಕಾರಿನ ಕೆಳಗೆ ಮಲಗಿಕೊಂಡೇ ನಾನು ಅವನ ಕಿವಿಗೆ ಬಾಯಿಟ್ಟು ಹೇಳಿದೆ.

"ಗುದ್ದಿದಾಗ ಕಳಚಿದ್ದು ಅಂತ ಹೇಳು. ಯಾರಿಗೂ ಗೊತ್ತಾಗಲ್ಲ. ನಿನಗೂ ಹೆಂಡ್ತಿ ಮಕ್ಕಳಿದಾರೆ."

"ಆ ಟೀಚರ್ ಅವತ್ತೇ ಹೇಳಿದ್ರು ಭಾವ. ನಾನೂ ನಂಬ್ಲಿಲ್ಲ. ನನ್ ಕೆಲಸ ತಪ್ಪಲ್ಲ ಅಂದ್ಕೊಂಡೆ."

ನನಗೆ ಸಿಟ್ಟು ಬಂತು. ಸತ್ತವನು ಎದ್ದು ಬರುತ್ತಾನೇನೋ, ಹರಿಶ್ಚಂದ್ರನ ಮೊಮ್ಮಗ ನೀನು ಎಂದೆಲ್ಲ ಅಂದೆ. ಅವನು ಈಚೆ ಬಂದು, ಎಂಜಿನ್ನು ನಿಲ್ಲಿಸಿ, ಕೊಳಾಯಿಯಲ್ಲಿ ಕೈ ತೊಳೆದ. ಗ್ರೀಸು ಹೋದ ಮೇಲೂ ತೊಳೆಯುತ್ತಲೇ ಇದ್ದ. ಹೆದರಿದ್ದ. ನಾನು ಅವನ ಕೈ ಹಿಡಿದು ಎಳೆಯಬಹುದಿತ್ತು, ಎಳೆಯಲಿಲ್ಲ. ನನ್ನಲ್ಲಿ ಇರುವ ಒಳ್ಳೆಯತನ ಅಷ್ಟೇ.

ಟೀಚರ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈ ಪೂರ್ತಿ ಮಡಚಲು ಬರುತ್ತಿರಲಿಲ್ಲ. ಬಾಮೈದ ಅತ್ತೆಯ ಮುಂದೆ ಹೋಗಿ ನಿಂತ. ಅಷ್ಟು ಉದ್ದದ ಮಾತನ್ನು ಅವನು ಜೀವಮಾನದಲ್ಲಿ ಆಡಿರಲಿಲ್ಲ.

"ಅಮ್ಮಾ, ನಿಮ್ಮ ಸೊಸೆ ತಿರುಗಿಸಿದ್ದು ನಿಜ. ಗಾಡಿ ತಿರುಗದೆ ಇದ್ದದ್ದೂ ನಿಜ. ಅಲ್ಲಿ ಒಂದು ನಟ್ಟು ನಾನು ಬಿಗಿ ಮಾಡಿರಲಿಲ್ಲ. ಮರೆತೆ. ಈಗ ಸ್ಟೇಷನ್‌ಗೆ ಹೋಗಿ ಇದನ್ನೇ ಬರೆದುಕೊಡ್ತೀನಿ."

ಅತ್ತೆ ಅವನನ್ನು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಅವರು ಅವನತ್ತ ನೋಡಲೂ ಇಲ್ಲ. ಗೋಡೆ ಹಿಡಿದು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. ಒಂದೂವರೆ ವರ್ಷದ ಮೇಲೆ ಸೊಸೆಯ ಮುಖ ನೋಡಿ ಮಾತಾಡಿದರು.

"ನೀನು ತಿರುಗಿಸಿದ್ಯಾ?"

ಟೀಚರ್ ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದರು.

"ಗೊತ್ತಿಲ್ಲ ಅತ್ತೆ," ಎಂದರು. "ತಿರುಗಿಸಲಿಲ್ಲ ಅಂತಲೇ ಈಗ ನೆನಪು ಬರೋದು. ಅವತ್ತು ನೀವೊಬ್ರು ನಂಬಿದ್ದಿದ್ರೆ, ತಿರುಗಿಸಿದ್ದು ನನಗೂ ನೆನಪಿರ್ತಿತ್ತು."